ಒಣಗದ ಬಟ್ಟೆ

ಊರಿನ ರುಚಿಗೆ ಈಗ ಬರಗಾಲ ಇಲ್ಲ. ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿ ಬೆಲ್ಲ, ಹಲಸಿನಕಾಯಿ ಚಿಪ್ಸ್ ಎಲ್ಲವೂ ಸೂಟ್‌ಕೇಸಿನಲ್ಲಿ ಕೂತು ಒಮಾನಿನ ಮಸ್ಕತ್‌ನಲ್ಲಿರುವ ನಮ್ಮ ಮನೆ ತಲುಪುತ್ತವೆ. ತೊಡೆದೇವು ಮಾತ್ರ ಪಾಪ, ಬರುವಷ್ಟರಲ್ಲಿ ಪುಡಿ. ಕಾದ ಮಡಕೆಯ ಬೆನ್ನಿಗೆ ಕಬ್ಬಿನ ಹಾಲು, ಅಕ್ಕಿಹಿಟ್ಟು ತೆಳ್ಳಗೆ ಬಳಿದು ಎಬ್ಬಿಸುವ ತಿಂಡಿ ಅದು. ವಿಮಾನಕ್ಕೆ ಲಗೇಜು ಎಸೆಯುವವರ ತೋಳಿನ ಬಲ ಅದಕ್ಕೆ ಗೊತ್ತಿಲ್ಲ. ಪುಡಿಯನ್ನೇ ಹಾಲಿಗೆ ಹಾಕಿಕೊಂಡು ತಿನ್ನುತ್ತೇವೆ. ಅದಕ್ಕೂ ಒಂದು ರುಚಿ ಇದೆ.

ಹಾಗಾಗಿ ಊರು ಬಿಟ್ಟವರ ಸಂಕಟ ನಾಲಿಗೆಯದು ಅಂದರೆ ನಾನು ಒಪ್ಪುವುದಿಲ್ಲ. ನನಗೆ ನೆನಪಾಗುವುದು ಊರಿನ ಕಿರಿಕಿರಿ. ಅಲ್ಲಿದ್ದಾಗ ಯಾವುದಕ್ಕೆಲ್ಲ ಬೈದಿದ್ದೆನೋ ಅದೇ ಸಾಲುಗಟ್ಟಿ ಬರುತ್ತದೆ. ತೋಟಕ್ಕೆ ಇಳಿದರೆ ಕಾಲಿಗೆ ಹತ್ತಿ ರಕ್ತ ಹೀರುವ ಉಂಬಳ. ಗಾಳಿ ಬೀಸಿದ ಕೂಡಲೇ ಹೋಗುವ ಕರೆಂಟು. ಎಲ್ಲಕ್ಕಿಂತ ಜಾಸ್ತಿ, ಒಣಗದ ಬಟ್ಟೆ.

ಸಿರ್ಸಿ ಕಡೆ ಮಳೆಗಾಲ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜುಲೈನಲ್ಲಿ ಬಿಸಿಲು ಅನ್ನುವುದು ಸುಳ್ಳು. ಬಚ್ಚಲ ಒಲೆಯ ಮೇಲೆ ಅಡ್ಡಕ್ಕೆ ಬಿದಿರಿನ ಗಳ ಕಟ್ಟಿರುತ್ತಿತ್ತು. ಕೆಳಗೆ ಹಂಡೆ, ಹಂಡೆಯ ಕೆಳಗೆ ಅಡಕೆ ಸಿಪ್ಪೆಯೋ ಹಸಿ ಕಟ್ಟಿಗೆಯೋ, ಬೆಂಕಿಗಿಂತ ಹೊಗೆಯೇ ಹೆಚ್ಚು. ಆ ಗಳದ ಮೇಲೆ ಅಪ್ಪಯ್ಯನ ಪಂಚೆ, ಆಯಿಯ ಸೀರೆ, ನನ್ನ ಶಾಲೆಯ ಬಿಳಿ ಅಂಗಿ. ಅಂಗಿ ಬಿಳಿ ಅನ್ನುವುದು ಜೂನ್ ಮೊದಲ ವಾರದ ಮಾತು. ಆಮೇಲೆ ಅದರ ಬಣ್ಣಕ್ಕೆ ಹೆಸರಿಲ್ಲ. ಬೆಳಿಗ್ಗೆ ಮುಟ್ಟಿದರೆ ಬೆನ್ನು ಬೆಚ್ಚಗೆ ಒಣಗಿರುತ್ತದೆ, ಹೊಲಿಗೆ ದಪ್ಪ ಇರುವ ಕಂಕುಳು ಮಾತ್ರ ಹಸಿ. ತೋಳು ತೂರಿಸಿದರೆ ಅಲ್ಲಿ ಚುಳ್ ಅನ್ನುವ ಥಂಡಿ. ಇಡೀ ತರಗತಿಯೇ ಹೊಗೆ ನಾರುತ್ತಿದ್ದುದರಿಂದ ಯಾರ ಮೂಗಿಗೂ ಅದು ವಾಸನೆ ಅಂತ ಗೊತ್ತೇ ಆಗುತ್ತಿರಲಿಲ್ಲ.

ಮಸ್ಕತ್‌ನಲ್ಲಿ ಜೂನ್ ಅಂದರೆ 40 ಡಿಗ್ರಿ ದಾಟಿದ ಬಿಸಿಲು. ಎರಡನೇ ಸಲ ಹಾಕಿದ ಬಟ್ಟೆ ಮಷಿನ್‌ನಲ್ಲಿ ತಿರುಗಿ ನಿಲ್ಲುವುದರೊಳಗೆ ಬಾಲ್ಕನಿಯಲ್ಲಿ ಮೊದಲ ಸಲದ್ದು ಒಣಗಿ ಹಪ್ಪಳವಾಗಿರುತ್ತದೆ. ಮಡಚಿದರೆ ಮುರಿಯುತ್ತದೇನೋ ಅನ್ನಿಸುತ್ತದೆ. ಮೊದಮೊದಲು ಇದನ್ನೇ ದೊಡ್ಡ ಸುಖ ಅಂದುಕೊಂಡಿದ್ದೆ. ಈಗ ಅಂಗಿಯನ್ನು ಮೂಗಿಗೆ ಹಿಡಿದು ನೋಡುತ್ತೇನೆ. ಸಾಬೂನು ಬಿಟ್ಟರೆ ಏನೂ ಇಲ್ಲ.

ನಮ್ಮ ಜಿಲ್ಲೆಯ ಕಾರವಾರದಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು ಮಳೆ. ಮಸ್ಕತ್‌ಗೆ 100 ಬಿದ್ದರೆ ಅದೇ ಹೆಚ್ಚು. ಆದರೆ ಅದೇ ಒಮಾನಿನ ದಕ್ಷಿಣದಲ್ಲಿ ಸಲಾಲಾ ಅಂತ ಊರಿದೆ. ನಮ್ಮ ಘಟ್ಟಕ್ಕೆ ಬಂದು ಬಡಿಯುವ ನೈಋತ್ಯ ಮುಂಗಾರಿನ ಸೆರಗು ಅದಕ್ಕೂ ತಾಗುತ್ತದೆ. ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಮಂಜು, ತುಂತುರು, ಹಸಿರು ಗುಡ್ಡ. ರಸ್ತೆ ಬದಿಗೆ ಎಳನೀರು, ಬಾಳೆಹಣ್ಣಿನ ಅಂಗಡಿ ಸಾಲು. ಕೊಲ್ಲಿ ದೇಶಗಳ ಜನ ಕಾರು ಕಟ್ಟಿಕೊಂಡು ಆ ಹನಿ ನೋಡಲು ಬರುತ್ತಾರೆ. ನಾವೂ ಮಸ್ಕತ್‌ನಿಂದ 1000 ಕಿಲೋಮೀಟರ್ ಮರಳುಗಾಡು ದಾಟಿ ಹೋದೆವು. ನಮ್ಮಲ್ಲಾದರೆ ಅಷ್ಟು ಮಳೆಗೆ ಕೊಡೆಯನ್ನೂ ಬಿಚ್ಚುವುದಿಲ್ಲ, ಬಿಡಿ. ನಾನು ಸುಮ್ನೆ ಹೋಗಿ ನಿಂತು ನೆನೆದೆ. ಒದ್ದೆ ಅಂಗಿಯಲ್ಲೇ ಕಾರು ಹತ್ತಿದೆ. "ಥಂಡಿ ಆಗ್ತು, ಅಂಗಿ ಬದಲ್ಸಿ" ಅಂದಳು ಹೆಂಡತಿ. ಬದಲಿಸಲಿಲ್ಲ.

ಊರಲ್ಲಿ ಮಳೆ ಜೋರಾದಾಗ ಆಯಿಗೆ ವಿಡಿಯೋ ಕಾಲ್ ಮಾಡಿ, ಅಂಗಳದ ಕಡೆ ತಿರುಗಿಸು ಅನ್ನುತ್ತೇನೆ. "ಎಂತ ನೋಡ್ತ್ಯ ತಮಾ, ಅದೇ ಮಳೆ, ಅದೇ ರಾಡಿ" ಅಂದು ಅವಳು ಹೊಸ ವಾಷಿಂಗ್ ಮಷಿನ್ ತೋರಿಸುತ್ತಾಳೆ. ಹಿಂಡಿಯೂ ಕೊಡುತ್ತದಂತೆ, ಈಗ ಬಟ್ಟೆಗೆ ಹೊಗೆ ವಾಸನೆಯೇ ಇಲ್ಲವಂತೆ. ನಾನು ಒಳ್ಳೇದಾಯಿತು ಅನ್ನುತ್ತೇನೆ. ಇನ್ನೇನು ಹೇಳಲಿಕ್ಕೆ ಬರುತ್ತದೆ? ಹಿಂದಿನಿಂದ ಅಪ್ಪಯ್ಯನ ದನಿ: "ಎರಡನೇ ಔಷಧಿ ಹೊಡೆಯಲೆ ಆಜಿಲ್ಲೆ, ಕೊಳೆ ಬಂದು ಕಾಯಿ ಉದುರ್ತಾ ಇದ್ದು. ಇವಂಗೆ ಮಳೆ ಬೇಕಡ!" ಅಡಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಕಲಸಿಟ್ಟುಕೊಂಡು, ಮಳೆ ನಿಂತು ಒಂದು ಹೊಳವು ಸಿಗಲಿ ಅಂತ ಆಕಾಶ ನೋಡುತ್ತಾ ಕೂತವರ ಮಾತದು. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಮಳೆ ಬೇಕು ಅನ್ನುವುದು ಮಳೆಯಲ್ಲಿ ಕೆಲಸ ಇಲ್ಲದವರ ಮಾತು.

2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡವೇ ಕುಸಿಯಿತು. ಚಹಾ ಅಂಗಡಿ, ಲಾರಿ, ಜನ, ಎಲ್ಲ ಮಣ್ಣಿನಡಿಗೆ ಹೋಯಿತು, ಗಂಗಾವಳಿ ನದಿಯ ಪಾಲಾಯಿತು. ಗೋವಾದಲ್ಲಿ ಇಳಿದು ಕುಮಟಾ ಮೇಲೆ ಸಿರ್ಸಿಗೆ ಹೋಗುವ ನಮ್ಮ ದಾರಿಯೂ ಅದೇ. ಆಮೇಲೆ ಎಷ್ಟೋ ದಿನ ಮಳೆ ತೋರಿಸು ಅನ್ನಲು ಬಾಯಿ ಬರಲಿಲ್ಲ.

ಮಸ್ಕತ್‌ನ ಭಾರತೀಯ ಶಾಲೆಗಳಿಗೆ ಬೇಸಿಗೆ ರಜೆ ಜೂನ್, ಜುಲೈನಲ್ಲಿ. ಹಾಗಾಗಿ ನಾವು ಊರಿಗೆ ಬರುವುದು ಸರಿಯಾಗಿ ನಡುಮಳೆಗೆ. ದೇವಿಮನೆ ಘಟ್ಟ ಹತ್ತುವಾಗ ಕಾರಿನ ಕಿಟಕಿ ಇಳಿಸಿ ಮೂಗು ಹೊರಗೆ ಹಾಕುವವನು ನಾನೊಬ್ಬನೇ. ಎರಡು ದಿನ ಸ್ವರ್ಗ. ಮೂರನೇ ದಿನ ಪ್ಯಾಂಟು ಒಣಗಿಲ್ಲ ಅಂತ ರೇಗುವುದೂ ನಾನೇ.

ಮಗಳ ಕತೆ ಬೇರೆ. ಅವಳು ಹುಟ್ಟಿ ಬೆಳೆದದ್ದು ಮಸ್ಕತ್‌ನಲ್ಲಿ. ರಾತ್ರಿ ಹೆಂಚಿನ ಮೇಲೆ ಮಳೆ ಸುರಿಯುತ್ತಿರುತ್ತದೆ, ವಟಗುಟ್ಟುವ ಕಪ್ಪೆ ಬೇರೆ. ನಾನು ಕಂಬಳಿ ಹೊದ್ದು ಇದನ್ನೇ ಅಲ್ವಾ ವರ್ಷವಿಡೀ ಬಯಸಿದ್ದು ಅಂತ ಮಲಗಿದ್ದರೆ, ಪಕ್ಕದಲ್ಲಿ ಸಣ್ಣ ದನಿಯ ಅಳು. ಏನಾಯಿತು ಅಂದರೆ, ಎಸಿ ಸದ್ದಿಲ್ಲ, ನಿದ್ದೆ ಬರುತ್ತಿಲ್ಲ, ಮನೆಗೆ ಹೋಗೋಣ ಅಂದಳು. ಮಸ್ಕತ್‌ನ ನಮ್ಮ ಎಸಿ ಗಡಗಡ ಅನ್ನುತ್ತದೆ. ಅದನ್ನು ರಿಪೇರಿ ಮಾಡಿಸು ಅಂತ ಅವಳೇ ವಾರಗಟ್ಟಲೆ ನನ್ನ ಪ್ರಾಣ ತಿಂದಿದ್ದಳು.

ಆಯಿ ಎದ್ದು ಬಂದಳು. ಅಟ್ಟದ ಮೇಲಿದ್ದ ಹಳೇ ಟೇಬಲ್ ಫ್ಯಾನ್ ಇಳಿಸಿ, ಗಾಳಿ ತಾಗದ ಹಾಗೆ ಮುಖ ಗೋಡೆಗೆ ತಿರುಗಿಸಿ ಹಚ್ಚಿದಳು. ಅದೂ ಗಡಗಡ ಅಂದಿತು. ಹುಡುಗಿಯ ಕಣ್ಣು ಇನ್ನೇನು ಮುಚ್ಚಬೇಕು, ಕರೆಂಟು ಹೋಯಿತು.