ಮೇಷ್ಟರ ಬೆರಳು

ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದವರು ಅಮೆರಿಕದಲ್ಲೂ ಇದ್ದಾರೆ. ಸಾಕ್ಷಿಗೆ 1936ರ ‘ರೀಫರ್ ಮ್ಯಾಡ್ನೆಸ್’ ಚಿತ್ರ. ಗಾಂಜಾ ಸೇದಿದ ಹುಡುಗ ಹುಡುಗಿಯರ ಗತಿ ತೋರಿಸಿ ಹೆತ್ತವರನ್ನು ನಡುಗಿಸಲು ತೆಗೆದದ್ದು. ಮೊನ್ನೆ ರಾತ್ರಿ ನೋಡುತ್ತಾ ನಾನು ನಕ್ಕ ನಗೆಗೆ ಮಲಗಿದ್ದ ಮಗಳು ಎದ್ದು ಬಂದಳು. ಮುಂದಿನ ತಿಂಗಳು ಅವಳು ಹಾಸ್ಟೆಲಿಗೆ ಹೊರಡುವವಳು. ಹೊರಡುವ ಮುನ್ನ ಹೇಳಬೇಕೆಂದು ನಾನೂ ಒಂದು ಬುದ್ಧಿವಾದ ಸಿದ್ಧಮಾಡಿಕೊಂಡಿದ್ದೆ.

ಚಿತ್ರದ ಮೊದಲ ಹೆಸರೇ ‘ಟೆಲ್ ಯುವರ್ ಚಿಲ್ಡ್ರನ್’, ಅಂದರೆ ಮಕ್ಕಳಿಗೆ ತಿಳಿಹೇಳಿ. ಡ್ವೇನ್ ಎಸ್ಪರ್ ಎಂಬ ಚಾಣಾಕ್ಷ ಅದನ್ನು ಕೊಂಡು, ಕತ್ತರಿಸಿ ಜೋಡಿಸಿ, ಪ್ರದರ್ಶನಕ್ಕೆ ಬಿಟ್ಟ. ಪರದೆಯ ಮೇಲೆ ಏನು ತೋರಿಸಬಾರದೆಂದು ಹೇಳುತ್ತಿದ್ದ ಆಗಿನ ಹಾಲಿವುಡ್ ಸಂಹಿತೆಗೆ ಅಂಜಿ ದೊಡ್ಡ ಸ್ಟುಡಿಯೋಗಳು ಮುಟ್ಟದ ವಸ್ತುವನ್ನು ಇಂಥವರು ನೀತಿಪಾಠವೆಂಬ ಚೀಟಿ ಅಂಟಿಸಿ ಮಾರುತ್ತಿದ್ದರು. ನೋಡುವವರಿಗೂ ಅನುಕೂಲವೇ: ಕಣ್ಣಿಗೆ ಹಬ್ಬ, ಆತ್ಮಕ್ಕೆ ಏಕಾದಶಿ.

ನಾನು ಚಿಕ್ಕಂದಿನಲ್ಲಿ ಕಂಡ ಬೈರಾಗಿಗಳು ಚಿಲುಮೆ ಎಳೆದು ಅರಳಿಕಟ್ಟೆಯ ಮೇಲೆ ಕೂತರೆ ಸಂಜೆಯವರೆಗೆ ಅಲುಗುತ್ತಿರಲಿಲ್ಲ. ಈ ಚಿತ್ರದವರದು ಬೇರೆಯೇ ಲೋಕ. ಎರಡು ದಮ್ಮಿಗೆ ಕಾರು ಯಾರ ಮೇಲೋ ಹರಿಯುತ್ತದೆ, ಗುಂಡು ಹಾರುತ್ತದೆ, ಒಬ್ಬಳು ಕಿಟಕಿಯಿಂದ ಜಿಗಿಯುತ್ತಾಳೆ, ಒಬ್ಬ ಹುಚ್ಚಾಸ್ಪತ್ರೆ ಸೇರುತ್ತಾನೆ. ಆ ಪಿಯಾನೋ ದೃಶ್ಯವಂತೂ! ಕಣ್ಣು ಅರಳಿಸಿಕೊಂಡ ಯುವಕ, ನುಡಿಸುತ್ತಿರುವವಳಿಗೆ ಬೇಗ, ಇನ್ನೂ ಬೇಗ ಎಂದು ಅಬ್ಬರಿಸುತ್ತಾನೆ. ಆಕೆಯ ಬೆರಳುಗಳು ದೆವ್ವ ಹೊಕ್ಕಂತೆ ಓಡುತ್ತವೆ.

ಹಕ್ಕುಸ್ವಾಮ್ಯದ ಷರಾ ನೆಟ್ಟಗಿರಲಿಲ್ಲವಾದ್ದರಿಂದ ಚಿತ್ರ ಯಾರದೂ ಅಲ್ಲದೆ ಎಲ್ಲರದೂ ಆಯಿತು. 1970ರ ದಶಕದ ಆರಂಭದಲ್ಲಿ ಗಾಂಜಾ ಕಾನೂನು ಬದಲಾಗಲಿ ಎನ್ನುತ್ತಿದ್ದ ಕೀತ್ ಸ್ಟ್ರೂಪ್ ಅಲ್ಲಿನ ಸಂಸತ್ತಿನ ಗ್ರಂಥಾಲಯದಿಂದ 297 ಡಾಲರಿಗೆ ಇದರ ಪ್ರತಿ ಕೊಂಡು ಕಾಲೇಜುಗಳಲ್ಲಿ ತೋರಿಸಿದರು. ಯಾರ ಗತಿ ತೋರಿಸಿ ಹೆತ್ತವರನ್ನು ಹೆದರಿಸಬೇಕಿತ್ತೋ ಆ ವಯಸ್ಸಿನವರೇ ಟಿಕೆಟ್ ಕೊಂಡು ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಹಣ ಗಾಂಜಾ ಪರ ಚಳವಳಿಗೆ ಹೋಯಿತು. ಎಸ್ಪರ್ ಕೂಡ ಇಂಥ ವ್ಯಾಪಾರ ಕಂಡಿರಲಾರ.

ಕೊನೆಯಲ್ಲಿ ಮುಖ್ಯೋಪಾಧ್ಯಾಯರು ಪೋಷಕರ ಸಭೆಯಲ್ಲಿ ನಿಂತು, ನಾಳೆ ನಿಮ್ಮ ಮಗಳಿರಬಹುದು, ನಿಮ್ಮ ಮಗನಿರಬಹುದು ಎನ್ನುತ್ತಾ ಪರದೆಯಿಂದಲೇ ನಮ್ಮತ್ತ ಬೆರಳು ಚಾಚುತ್ತಾರೆ.

“ಅಪ್ಪಾ, ನೀನು ಬೈಯುವಾಗಲೂ ಬೆರಳು ಹೀಗೇ ಇರುತ್ತದೆ,” ಎಂದಳು ಮಗಳು.

ಸಿದ್ಧಮಾಡಿಕೊಂಡಿದ್ದ ಮೊದಲ ವಾಕ್ಯ ಗಂಟಲಲ್ಲೇ ಉಳಿಯಿತು. ಅವಳು ಪಕ್ಕದಲ್ಲಿ ಕಾಲು ಮಡಚಿ ಕೂತು, ಪಿಯಾನೋ ದೃಶ್ಯ ಇನ್ನೊಮ್ಮೆ ಹಾಕು ಎಂದಳು. ಹಾಕಿದೆ.