ಚುಕ್ಕಿ ಫೈಲುಗಳ ಸಹವಾಸ

ನಮ್ಮ ತಂಡದ ರೆಪೊಸಿಟರಿಯನ್ನು, ಅಂದರೆ ಎಲ್ಲರ ಕೋಡ್ ಒಟ್ಟಿಗೆ ಇಡುವ ಉಗ್ರಾಣವನ್ನು, ತೆರೆದರೆ ಮೊದಲು ಕಾಣುವ ಸಾಲು ಇದು: 'ಸೆಟಪ್ ಸ್ಕ್ರಿಪ್ಟ್ ಓಡಿಸಿ, ಹತ್ತೇ ನಿಮಿಷದಲ್ಲಿ ಕೆಲಸ ಶುರು ಮಾಡಿ.' ಇದನ್ನು ಬರೆದವರು ಕೆಲಸ ಬಿಟ್ಟು ಹೋಗಿ ಬಹಳ ಕಾಲವಾಯಿತು. ಹೆಸರು ಮಾತ್ರ ಸ್ಕ್ರಿಪ್ಟಿನೊಳಗೆ ಬೇರುಬಿಟ್ಟು ಕುಳಿತಿದೆ. ಹೋಮ್ ಫೋಲ್ಡರಿನ ದಾರಿಯನ್ನು ಅವರು ತಮ್ಮ ಲ್ಯಾಪ್‌ಟಾಪಿನಲ್ಲಿ ಇದ್ದ ಹಾಗೆಯೇ, ಹೆಸರು ಸಮೇತ ಬರೆದುಬಿಟ್ಟಿದ್ದರು. ಅದನ್ನು ತಿದ್ದಿದರೆ ಇನ್ನೇನು ಮುರಿಯುತ್ತದೋ ಎಂದು ಯಾರೂ ಕೈ ಹಾಕಲಿಲ್ಲ. ಹೊಸದಾಗಿ ಸೇರಿದವರೆಲ್ಲ ತಾವು ಕಂಡೇ ಇರದ ಆ ಮನುಷ್ಯನ ಹೆಸರಿನಲ್ಲಿ ಒಂದು ಖಾಲಿ ಫೋಲ್ಡರ್ ಮಾಡಿಕೊಂಡು ಮುಂದೆ ಹೋಗುತ್ತಾರೆ.

ಕೋಡಿನ ವಿಷಯದಲ್ಲಿ ನಾವು ಉದಾರಿಗಳು. ಯಾರು ಬಂದು ಏನು ತಿದ್ದಿದರೂ ಒಂದಿಷ್ಟು ಗೊಣಗಿ ಒಪ್ಪಿಕೊಳ್ಳುತ್ತೇವೆ. ಸೆಟ್ಟಿಂಗಿಗೆ ಕೈ ಹಾಕಿದಾಗಲೇ ಒಬ್ಬೊಬ್ಬರ ನಿಜರೂಪ ಹೊರಬರುವುದು. ಅವರವರ ಲ್ಯಾಪ್‌ಟಾಪಿನಲ್ಲಿ ಸುಖವಾಗಿದ್ದ ಚಟಗಳೆಲ್ಲ ಹಂಚಿಕೊಂಡ ಫೈಲಿಗೆ ಬಂದ ಕೂಡಲೇ ಎಲ್ಲರಿಗೂ ಕಾನೂನಾಗುತ್ತವೆ. ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಎಂಬ ಪ್ರೋಗ್ರಾಮಿಗೆ 'ಗಿಟ್ ಸ್ಟೇಟಸ್' ಎಂದು ಪೂರ್ತಿ ಟೈಪ್ ಮಾಡಲು ಒಬ್ಬರಿಗೆ ಬೇಸರ. 'ಜಿಎಸ್' ಎಂಬ ಎರಡಕ್ಷರದ ಅಲಿಯಾಸ್ (ಅಡ್ಡಹೆಸರು) ಮಾಡಿ ಎಲ್ಲರಿಗೂ ಹಂಚಿದರು. ಘೋಸ್ಟ್‌ಸ್ಕ್ರಿಪ್ಟ್ ಎಂಬ, ಪಿಡಿಎಫ್ ಕುಗ್ಗಿಸಬಲ್ಲ ಹಳೆಯ, ಮರ್ಯಾದಸ್ಥ ಪ್ರೋಗ್ರಾಮಿನ ಆದೇಶವೂ ಅದೇ ಎರಡಕ್ಷರ. ದೊಡ್ಡ ಪಿಡಿಎಫ್ ಒಂದನ್ನು ಕುಗ್ಗಿಸಲು ಹೊರಟ ಸಹೋದ್ಯೋಗಿಯ ಎದುರು ಕರೆಯದೇ ಬಂದ ಗಿಟ್, 'ಈ ಸ್ವಿಚ್ ನನಗೆ ಗೊತ್ತಿಲ್ಲ' ಎಂದಿತು. ಪಿಡಿಎಫ್‌ಗೂ ಗಿಟ್‌ಗೂ ಎತ್ತಣಿಂದೆತ್ತ ಸಂಬಂಧ ಎಂದು ಅವರು ಸಂಜೆಯವರೆಗೆ ಯೋಚಿಸಿದರು.

ಅಲಿಯಾಸ್ ಎಲ್ಲಿ ಬರೆಯಬೇಕು ಎಂಬುದಾದರೂ ಇತ್ಯರ್ಥವಾಗಿದೆಯೇ? ನಾವು ಟೈಪ್ ಮಾಡಿದ ಆದೇಶಗಳನ್ನು ಓಡಿಸುವ ಬ್ಯಾಶ್ ಶೆಲ್ ಲಾಗಿನ್ ಆಗುವಾಗ ಒಂದು ಫೈಲು ಓದುತ್ತದೆ, ಹಾಗೇ ಕಿಟಕಿ ತೆರೆದರೆ ಇನ್ನೊಂದು. ಮ್ಯಾಕ್‌ನ ಟರ್ಮಿನಲ್ ಪ್ರತಿ ಕಿಟಕಿಯನ್ನೂ ಲಾಗಿನ್ ಎಂದೇ ಭಾವಿಸುತ್ತದೆ. ಇದನ್ನು ಅರಗಿಸಿಕೊಳ್ಳುವಷ್ಟರಲ್ಲಿ 2019ರ ಕ್ಯಾಟಲೀನಾ ಆವೃತ್ತಿಯಿಂದ ಮ್ಯಾಕ್ ಬ್ಯಾಶನ್ನೇ ಪಕ್ಕಕ್ಕಿಟ್ಟು ಝೆಡ್‌ಶೆಲ್ ಹಿಡಿಯಿತು. ಅದಕ್ಕೆ ಬೇರೆಯದೇ ಫೈಲು. ಯಾವುದಕ್ಕೂ ಇರಲಿ ಎಂದು ನಮ್ಮವರು ಮೂರರಲ್ಲೂ ಅದೇ ಸಾಲುಗಳನ್ನು ತುಂಬಿದ್ದಾರೆ.

ಈ ಫೈಲುಗಳ ಹೆಸರೆಲ್ಲ ಚುಕ್ಕಿಯಿಂದ ಶುರುವಾಗುವುದರಿಂದ ಸಾಮಾನ್ಯ ಪಟ್ಟಿಯಲ್ಲಿ ಅವು ಕಾಣುವುದಿಲ್ಲ. ಇದು ಯಾರೋ ಕುಳಿತು ಆಲೋಚಿಸಿ ಮಾಡಿದ ವ್ಯವಸ್ಥೆಯಲ್ಲ. ಬೆಲ್ ಲ್ಯಾಬ್ಸಿನಲ್ಲಿದ್ದ ರಾಬ್ ಪೈಕ್ ಹೇಳುವ ಪ್ರಕಾರ, ಯುನಿಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆಯ ಆರಂಭದ ದಿನಗಳಲ್ಲಿ ಪ್ರತಿ ಫೋಲ್ಡರಿನಲ್ಲೂ ಇರುವ ಒಂಟಿ ಚುಕ್ಕಿ, ಜೋಡಿ ಚುಕ್ಕಿಯ ನಮೂದುಗಳನ್ನು ಮರೆಮಾಡಬೇಕಿತ್ತು. ಇಡೀ ಹೆಸರನ್ನು ಹೋಲಿಸುವ ಬದಲು ಮೊದಲ ಅಕ್ಷರ ಚುಕ್ಕಿಯಾದರೆ ಸಾಕು, ಬಿಟ್ಟುಬಿಡು ಎಂದು ಬರೆದರು. ಆ ಒಂದು ಸೋಮಾರಿತನದ ನೆರಳಿನಲ್ಲಿ ಪ್ರಪಂಚದ ಹೋಮ್ ಫೋಲ್ಡರುಗಳಲ್ಲೆಲ್ಲ ಇಂದು ಕಾಣದ ಫೈಲುಗಳು ಮರಿಹಾಕುತ್ತಿವೆ.

ಕಾಣದವುಗಳಿಗಿಂತ ಕಣ್ಣೆದುರಿಗಿದ್ದು ಮೋಸ ಮಾಡುವವು ಹೆಚ್ಚು ಅಪಾಯ. ಸೆಟ್ಟಿಂಗ್ ಬರೆಯುವ ಭಾಷೆಯಾದ ಯಾಮಲ್ ಮಹಾಶಯರ ಮಾತು ಹೇಳುತ್ತಿದ್ದೇನೆ. ಪೈಥಾನ್ ಆವೃತ್ತಿ 3.10 ಬೇಕೆಂದು ಬರೆಯಿರಿ. ಅದು ದಶಮಾಂಶ ಸಂಖ್ಯೆಯೆಂದು ತಿಳಿದು, ಕೊನೆಯ ಸೊನ್ನೆಗೆ ಬೆಲೆಯಿಲ್ಲವೆಂದು ತೀರ್ಮಾನಿಸಿ, 2009ರ 3.1ನ್ನು ಹುಡುಕಿಕೊಂಡು ಹೋಗುತ್ತದೆ. ಸರ್ವರುಗಳನ್ನು ಓಡಿಸುವ ಡಾಕರ್ ಕಾಂಪೋಸ್ ಫೈಲಿನಲ್ಲಿ ಪೋರ್ಟಿಗೆ, ಅಂದರೆ ಸರ್ವರಿನ ಬಾಗಿಲ ಸಂಖ್ಯೆಗೆ, 22:22 ಎಂದು ಬರೆದವರಿಗೆ ಇನ್ನೂ ದೊಡ್ಡ ಪ್ರಸಾದ. ಯಾಮಲ್ 1.1ರ ನಿಯಮದಲ್ಲಿ ಅದು ಅರವತ್ತರ ಮೂಲಮಾನದ ಸಂಖ್ಯೆ. ಇಪ್ಪತ್ತೆರಡನ್ನು ಅರವತ್ತರಿಂದ ಗುಣಿಸಿ ಇಪ್ಪತ್ತೆರಡು ಕೂಡಿಸಿದರೆ 1342. ಬ್ಯಾಬಿಲೋನಿಯದವರ ಲೆಕ್ಕ ನಮ್ಮ ಸರ್ವರಿನೊಳಗೆ ಯಾವಾಗ ಬಂತೋ! ನಾರ್ವೆ ದೇಶದ ಎನ್‌ಒ ಎಂಬ ಸಂಕೇತ ಬರೆದರೆ 'ಇಲ್ಲ' ಎಂದು ತಿಳಿದು ದೇಶವನ್ನೇ ಅಳಿಸುತ್ತದೆ. ಅರವತ್ತರ ಲೆಕ್ಕ, 'ಇಲ್ಲ'ದ ನಾರ್ವೆ ಎರಡನ್ನೂ 2009ರ 1.2ನೇ ಆವೃತ್ತಿ ಕೈಬಿಟ್ಟಿದ್ದರೂ ಹಳೆಯ ನಿಯಮವನ್ನೇ ಹಿಡಿದುಕೊಂಡ ಲೈಬ್ರರಿಗಳು ಇನ್ನೂ ಬೇಕಾದಷ್ಟಿವೆ. ಎಲ್ಲದಕ್ಕೂ ಉದ್ಧರಣ ಚಿಹ್ನೆ ಹಾಕುವುದೊಂದೇ ದಾರಿ. ಟ್ಯಾಬ್ ಹಾಕಿ ಸಾಲು ಒಳಸರಿಸಿದರೆ ಯಾಮಲ್ ಮುನಿಸಿಕೊಳ್ಳುತ್ತದೆ. ಪ್ರೋಗ್ರಾಮುಗಳನ್ನು ಕಟ್ಟಿಕೊಡುವ, 1976ರಿಂದ ಇರುವ ಮೇಕ್‌ಗೆ ಟ್ಯಾಬೇ ಬೇಕು, ಸ್ಪೇಸ್ ಆಗದು. ಎರಡೂ ಒಂದೇ ಫೋಲ್ಡರಿನಲ್ಲಿ ಅಕ್ಕಪಕ್ಕದಲ್ಲಿ ವಾಸ.

ಇಷ್ಟೆಲ್ಲದರ ನಡುವೆ ನಮ್ಮ ತಂಡದ ಒಬ್ಬ ಸಜ್ಜನರಿಗೆ ಸಾಲಿನ ಕೊನೆಯನ್ನು ಸರಿಪಡಿಸುವ ಹುಕಿ ಬಂತು. ಕಾರಣವಿತ್ತು. ವಿಂಡೋಸಿನಲ್ಲಿ ಉಳಿಸಿದ ಸ್ಕ್ರಿಪ್ಟನ್ನು ಲಿನಕ್ಸಿನಲ್ಲಿ ಓಡಿಸಿದರೆ 'ಅಂಥ ಫೈಲೇ ಇಲ್ಲ' ಎನ್ನುತ್ತಿತ್ತು. ಫೈಲು ಕಣ್ಣ ಮುಂದೆಯೇ ಇದೆ! ವಿಂಡೋಸ್ ಪ್ರತಿ ಸಾಲಿನ ಕೊನೆಗೆ ಎರಡು ಅದೃಶ್ಯ ಚಿಹ್ನೆ ಇಡುತ್ತದೆ. ಒಂದು, ಟೆಲಿಪ್ರಿಂಟರಿನ ಅಚ್ಚುತಲೆಯನ್ನು ಎಡಕ್ಕೆ ತರಲು. ಇನ್ನೊಂದು, ಕಾಗದವನ್ನು ಮೇಲಕ್ಕೆ ಸರಿಸಲು. ಟೆಲಿಪ್ರಿಂಟರ್ ಗುಜರಿಗೆ ಹೋದರೂ ಚಿಹ್ನೆ ಉಳಿಯಿತು. ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ ಅದನ್ನು ಓಡಿಸಬೇಕಾದ ಬ್ಯಾಶ್ ಹೆಸರಿರುತ್ತದೆ. ಲಿನಕ್ಸ್ ಮೊದಲ ಚಿಹ್ನೆಯನ್ನೂ ಬ್ಯಾಶ್‌ನ ಹೆಸರಿನ ಭಾಗವೆಂದೇ ಓದಿ, ಆ ಹೆಸರಿನವರು ಇಲ್ಲಿಲ್ಲ ಎಂದು ಬಾಗಿಲು ಹಾಕುತ್ತದೆ.

ಎಲ್ಲರೂ ಹಂಚಿಕೊಂಡ ಸೆಟ್ಟಿಂಗಿಗೆ ಅವರು ಒಂದು ಸಾಲು ಸೇರಿಸಿ, ಹಳೆಯ ಫೈಲುಗಳನ್ನೆಲ್ಲ ಒಂದೇ ಏಟಿಗೆ ಶುದ್ಧ ಮಾಡಿದರು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಶುದ್ಧವಾದ ಪ್ರತಿ ಸಾಲೂ 'ಬದಲಾದ ಸಾಲು' ಎಂದೇ ಗಿಟ್ ಲೆಕ್ಕಕ್ಕೆ ಹಿಡಿಯಿತು. ಅಂದಿನಿಂದ ಯಾವ ಸಾಲು ಯಾರದೆಂದು ಬ್ಲೇಮ್ ಆದೇಶದಲ್ಲಿ ಕೇಳಿದರೂ ಬರುವುದು ಅವರದೇ ಹೆಸರು. ಅವರು ಸೇರುವ ಮೊದಲೇ ಬರೆದಿದ್ದ ಬಡ್ಡಿ ಲೆಕ್ಕದ ಕೋಡಿಗೂ ಅವರೇ ಕರ್ತೃ. ಬೇರೆ ತಂಡದವರು ಕರೆ ಮಾಡಿ, 'ಸರ್, ಇಲ್ಲಿ ಯಾಕೆ ಹೀಗೆ ಭಾಗಿಸಿದ್ದೀರಿ?' ಎಂದು ವಿನಯದಿಂದ ಕೇಳುತ್ತಾರೆ. ಮೊದಮೊದಲು ಅವರು ವಿವರಿಸುತ್ತಿದ್ದರು. ಈಗ ಕೋಡ್ ಓದಿ ಏನೋ ಒಂದು ಉತ್ತರ ಹೇಳುತ್ತಾರೆ.

ಇದಕ್ಕೂ ಮದ್ದಿದೆ. 2019ರ ಗಿಟ್ 2.23ರಿಂದ, ಬ್ಲೇಮ್ ಯಾವ ಬದಲಾವಣೆಗಳನ್ನು ಲೆಕ್ಕಕ್ಕೆ ಹಿಡಿಯಬಾರದೆಂದು ಒಂದು ಫೈಲಿನಲ್ಲಿ ಬರೆದಿಡಬಹುದು. ಆ ಫೈಲನ್ನು ನೋಡು ಎಂದು ಪ್ರತಿಯೊಬ್ಬರೂ ತಮ್ಮ ತಮ್ಮ ಗಿಟ್‌ಗೆ ಹೇಳಬೇಕು. ಭದ್ರತೆಯ ದೃಷ್ಟಿಯಿಂದ ರೆಪೊಸಿಟರಿಯೇ ಬಂದು ನಿಮ್ಮ ಗಿಟ್ ಸೆಟ್ಟಿಂಗ್ ಬದಲಿಸುವಂತಿಲ್ಲ. ಸರಿ, ಅದಕ್ಕೂ ಸೆಟಪ್ ಸ್ಕ್ರಿಪ್ಟಿನಲ್ಲೇ ಒಂದು ಸಾಲು ಸೇರಿಸಿದರು. ಸೇರಿಸುವಾಗ ಒಂದು ಪ್ರಾಜೆಕ್ಟಿಗೆಂದು ಹೇಳದೆ ಇಡೀ ಯಂತ್ರಕ್ಕೇ ಅನ್ವಯಿಸಿಬಿಟ್ಟರು. ಪರಿಣಾಮ, ಸ್ಕ್ರಿಪ್ಟ್ ಓಡಿಸಿದವರು ಆ ಫೈಲಿಲ್ಲದ ಬೇರೆ ಯಾವ ಪ್ರಾಜೆಕ್ಟಿಗೆ ಹೋಗಿ ಬ್ಲೇಮ್ ಮಾಡಿದರೂ, ಗಿಟ್ ಫೈಲು ಸಿಗದೆ ದೋಷ ತೋರಿಸಿ ನಿಂತುಬಿಡುತ್ತದೆ. ಯಾರ ತಪ್ಪನ್ನೂ ಯಾರ ತಲೆಗೂ ಕಟ್ಟುವಂತಿಲ್ಲ. ಆ ಪ್ರಾಜೆಕ್ಟಿನವರಿಂದ ಇದುವರೆಗೆ ಒಂದು ದೂರೂ ಬಂದಿಲ್ಲ.