ಸತ್ಯಾಂಶ: 60 ದಾಟಿದ ಮೇಲೆ ಸೈಕಲ್ ತುಳಿದ್ರೆ ಮೊಣಗಂಟು ಸವೀತದಾ?

ಹಾಗಂತ ಒಂದು ಮೆಸೇಜು ನಮ್ಮ ಬದಿಯಡ್ಕದ ಗ್ರೂಪಲ್ಲಿ ತಿರುಗ್ತಾ ಉಂಟು. ಹಾಗೇನಿಲ್ಲ ಮಾರಾಯ್ರೆ, ಸೈಕಲಲ್ಲಿ ಮೈಭಾರ ಹೆಚ್ಚಿನದ್ದು ಸೀಟಿನ ಮೇಲೆ ಬೀಳೋದು, ನಡೆಯುವಾಗಿನಷ್ಟು ಪೆಟ್ಟು ಗಂಟಿಗೆ ಇಲ್ಲ. ನೋವು ಬರೋದು ಹೆಚ್ಚಾಗಿ ಸೀಟು ತೀರಾ ತಗ್ಗಿಸಿದ್ರೆ, ಎರಡೂ ಕಾಲು ನೆಲಕ್ಕೆ ಪೂರ್ತಿ ಊರ್ಬೇಕು ಅಂತ ನಾವೆಲ್ಲ ಮಾಡೋದೇ ಅದು. ಪೆಡಲ್ ಕೆಳಗಿರುವಾಗ ಅದ್ರ ಮೇಲೆ ಹಿಮ್ಮಡಿ ಇಟ್ರೆ ಕಾಲು ನೆಟ್ಟಗಾಗ್ಬೇಕು, ಆಮೇಲೆ ಪಾದದ ಮುಂಭಾಗದಲ್ಲಿ ತುಳಿಯುವಾಗ ಗಂಟು ಸ್ವಲ್ಪ ಮಡಚಿರ್ತದೆ, ಅಷ್ಟು ಸಾಕು. ತಗೊಳ್ಳುವಾಗ ಮೇಲೆ ಬಾರ್ ಇಲ್ಲದ್ದು (ಲೇಡೀಸ್ ಸೈಕಲ್ ಅಂತ ನಾಚಿಕೆ ಯಾಕೆ, ಪಂಚೆ ಉಟ್ಟವರಿಗೂ ಅದೇ ಸುಲಭ), ಹ್ಯಾಂಡಲ್ ಸೀಟಿಗಿಂತ ಎತ್ತರ ಇರೋದು ನೋಡಿ. ನಮ್ಮಲ್ಲಿ ಗುಡ್ಡೆ ಜಾಸ್ತಿ, ಗೇರ್ ಬೇಕೇ ಬೇಕು. ಮೊದಲೇ ಗಂಟುನೋವು ಇದ್ದವರು ಮಾತ್ರ ಡಾಕ್ಟರ್ರನ್ನ ಕೇಳಿ ಹೊರಡಿ.